ಅಮೆರಿಕಕ್ಕೆ ಎಂ.ಎಸ್. ಓದಲು ಮಕ್ಕಳನ್ನು ಕಳಿಸಿದ ಅಪ್ಪ ಅಮ್ಮಂದಿರಿಗೆ



ಭಾನುವಾರದ ಫೋನಿನಲ್ಲಿ ನಿಮ್ಮ ಮಕ್ಕಳು "ಚೆನ್ನಾಗಿದೀನಮ್ಮ, ಊಟ ಆಯ್ತು" ಎಂದು ಮಾತು ಮುಗಿಸುತ್ತಾರಲ್ಲ, ಅವರು ಹೇಳದೆ ಉಳಿಸಿಕೊಂಡಿದ್ದನ್ನು ತಿಳಿಸಲು ಈ ಪತ್ರ. ನಾನೂ ಅಮೆರಿಕದಲ್ಲೇ ಎಂ.ಎಸ್. ಮುಗಿಸಿ, ಓದಿದ ವಿಶ್ವವಿದ್ಯಾಲಯದ ಊರಿನಲ್ಲೇ ನೆಲೆಸಿದವಳು. ಪ್ರತಿ ಆಗಸ್ಟಿನಲ್ಲಿ ಹಾಸನ, ದಾವಣಗೆರೆ, ಹುಬ್ಬಳ್ಳಿಯಿಂದ ಬಂದಿಳಿಯುವ ಹುಡುಗ ಹುಡುಗಿಯರನ್ನು ನೋಡುತ್ತೇನೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಅವರಲ್ಲಿ 1,96,567 ಮಂದಿ ಎಂ.ಎಸ್., ಪಿಎಚ್.ಡಿ.ಯಂಥ ಮೇಲಿನ ಓದಿಗೆ ಬಂದವರು. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ಸೈಟು, ತೋಟ ಅಡವಿಗೆ ಹೋಗಿರುತ್ತದೆ. ಮಕ್ಕಳಿಗೆ ಅದು ಗೊತ್ತು. ಅವರು ಕಷ್ಟ ಹೇಳಿಕೊಳ್ಳದಿರುವುದೇ ಅದಕ್ಕೆ.

ಮೊದಲು ಹಣದ ವಿಚಾರ. "ಪಾರ್ಟ್ ಟೈಮ್ ಮಾಡಿ ಖರ್ಚು ತೂಗಿಸ್ಕೋತಾನೆ" ಎಂಬ ಲೆಕ್ಕವನ್ನು ದಯವಿಟ್ಟು ಬಿಡಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಇಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರ್, ಹಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚು. 7.25ರ ಲೆಕ್ಕ ಹಿಡಿದರೆ ವಾರಕ್ಕೆ 145 ಡಾಲರ್. ಅದರಲ್ಲಿ ದಿನಸಿ ತಂದು, ಬಾಡಿಗೆಗೆ ಒಂದಿಷ್ಟು ಕೂಡಿಸಬಹುದು. ಫೀಸು ಕಟ್ಟಲು ಆಗುವುದಿಲ್ಲ. "ನಮ್ಮವರದ್ದೇ ಪೆಟ್ರೋಲ್ ಬಂಕ್ ಇದೆ, ನಗದು ಕೊಡ್ತಾರೆ" ಎಂದು ನೆಂಟರು ಹೇಳಿದರೆ ನೀವೇ ಬೇಡವೆನ್ನಿ. ಅನುಮತಿಯಿಲ್ಲದೆ ಹೊರಗೆ ದುಡಿದದ್ದು ಗೊತ್ತಾದರೆ ವಿದ್ಯಾರ್ಥಿಯ ಸ್ಥಾನಮಾನವೇ ರದ್ದಾಗುತ್ತದೆ. ಓದೂ ಹೋಗುತ್ತದೆ, ಸಾಲ ಉಳಿಯುತ್ತದೆ.

ಓದಿನಲ್ಲಿ ಅವರನ್ನು ಕಾಡುವುದು ಪಾಠ ಕಠಿಣವೆಂಬುದಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಸೈನ್‌ಮೆಂಟನ್ನು ಗೆಳೆಯನಿಗೆ ಕೊಡುವುದು ಸ್ನೇಹ, ಕೊಡದಿರುವುದು ಜಿಪುಣತನ. ಇಲ್ಲಿ ಕೊಟ್ಟವನೂ ತಗೊಂಡವನೂ ಒಂದೇ ವಿಚಾರಣೆಗೆ ಹೋಗುತ್ತಾರೆ, ಅಮಾನತಾದರೆ ವೀಸಾಕ್ಕೂ ಕುತ್ತು. ಜತೆಗೆ ತರಗತಿಯಲ್ಲಿ ಬಾಯಿ ಬಿಟ್ಟು ಕೇಳುವುದಕ್ಕೇ ಅಂಕ ಇಡುವ ಪ್ರೊಫೆಸರುಗಳಿದ್ದಾರೆ; ಆಫೀಸ್ ಅವರ್ಸ್ ಎಂದು ಅವರು ವಾರವಾರ ಬಾಗಿಲು ತೆರೆದು ಕೂತಿರುತ್ತಾರೆ. ನಮ್ಮ ಮಕ್ಕಳು ಹೋಗುವುದಿಲ್ಲ. ಹದಿನಾರು ವರ್ಷ "ಸುಮ್ನೆ ಕೂತು ಕೇಳು" ಎಂದು ಕಲಿಸಿದವರು ನಾವೆಲ್ಲ. ಈಗ "ಈ ವಾರ ಮೇಷ್ಟ್ರ ಹತ್ರ ಏನು ಕೇಳಿದೆ?" ಎಂದು ನೀವು ವಿಚಾರಿಸಿದರೆ, ಮಾರ್ಕ್ಸ್ ಎಷ್ಟೆಂದು ವಿಚಾರಿಸುವುದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ.

ಇನ್ನು ನಾನು ಬರೆಯಲೇಬೇಕಾದ ಮಾತು. ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರಿನ ಹೊತ್ತಿಗೆ ಚಿಕಾಗೋದಂಥ ಊರಿನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಇಲ್ಲಿಯ ಸಹಪಾಠಿಗಳು ಮನೆಗಳಿಗೆ ಹೋಗಿ ಕ್ಯಾಂಪಸ್ ಖಾಲಿಯಾಗುತ್ತದೆ. ಪರೀಕ್ಷೆಯೂ ಅದರ ಬೆನ್ನಿಗೇ. ನಿದ್ದೆ ಕೆಟ್ಟು, ಊಟ ಬಿಟ್ಟು, ತರಗತಿಗೆ ಹೋಗಲಾಗದೆ ಕೋಣೆಯಲ್ಲೇ ಮಲಗಿರುವ ಮಕ್ಕಳನ್ನು ನಾನು ಕಂಡಿದ್ದೇನೆ. ಅವರು ಯಾರಿಗೂ ಹೇಳುವುದಿಲ್ಲ. ಕೋರ್ಸ್ ಬಿಟ್ಟರೆ ವೀಸಾ ಹೋಗುತ್ತದೆಂಬ ಭಯ, ಕೌನ್ಸೆಲರ್ ಹತ್ತಿರ ಹೋದರೆ ಹುಚ್ಚನೆನ್ನುತ್ತಾರೆಂಬ ಭಯ.

ಈ ಭಯವನ್ನು ನೀವು ತೆಗೆಯಬಲ್ಲಿರಿ, ಏಕೆಂದರೆ ಕಾನೂನು ಹೇಳುವುದೇ ಬೇರೆ. ದೇಹಕ್ಕೋ ಮನಸ್ಸಿಗೋ ಕಾಯಿಲೆಯಾದರೆ ವೈದ್ಯರ ಅಥವಾ ಮನಃಶಾಸ್ತ್ರಜ್ಞರ ಪತ್ರದೊಡನೆ ಡಿಎಸ್‌ಒ ಬಳಿಗೆ ಹೋಗಬೇಕು. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ ಅವರು. ಅವರು ಒಪ್ಪಿದರೆ ಒಂದು ಹಂತದ ಓದಿನಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ಕೋರ್ಸ್ ತೆಗೆದುಕೊಂಡು, ಬೇಕಾದರೆ ಕೋರ್ಸೇ ಇಲ್ಲದೆಯೂ, ವೀಸಾ ಕಳೆದುಕೊಳ್ಳದೆ ಇರಬಹುದು. ಮೊದಲು ಅನುಮತಿ, ಆಮೇಲೆ ಕೋರ್ಸ್ ಬಿಡುವುದು. ಈ ಕ್ರಮ ತಪ್ಪಬಾರದು. ಊರಿಗೆ ಬಂದು ಸುಧಾರಿಸಿಕೊಳ್ಳಬೇಕೆಂದರೂ ಆ ಅಧಿಕಾರಿಯ ಒಪ್ಪಿಗೆ ಪಡೆದೇ ಹೊರಡಬೇಕು. ಆಗ ಹೊರಡಲು 15 ದಿನ ಸಿಗುತ್ತದೆ, ಮತ್ತೆ ಬರುವ ದಾರಿಯೂ ಉಳಿಯುತ್ತದೆ. ಸಾಯಬೇಕೆನಿಸುವಷ್ಟು ಸಂಕಟವಾದ ರಾತ್ರಿಗೆ 988 ಎಂಬ ಸಹಾಯವಾಣಿ ಇದೆ, ಅಮೆರಿಕದ ಯಾವ ಮೂಲೆಯಿಂದಲೂ ಕರೆ ಮಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿಗೆ ಈಗಲೇ ಹಾಕಿಸಿ.

ಕಾಲೇಜಿಗೆ ನೀವೇ ಫೋನ್ ಮಾಡಿ ತಿಳಿದುಕೊಳ್ಳುತ್ತೇನೆಂದರೆ ಸಾಮಾನ್ಯವಾಗಿ ಆಗದು. 1974ರ ಕಾನೂನೊಂದರ ಪ್ರಕಾರ ವಿದ್ಯಾರ್ಥಿಯ ದಾಖಲೆಗೆ ವಿದ್ಯಾರ್ಥಿಯೇ ಒಡೆಯ. ಹಾಗಾಗಿ ನಿಮಗಿರುವ ದಾರಿ ಮಗುವಿನ ಮಾತೊಂದೇ.

ಡಿಗ್ರಿ ಮುಗಿದ ಮೇಲೆ "ಕೆಲಸ ಸಿಕ್ತಾ?" ಎಂದು ವಾರವಾರ ಕೇಳಬೇಡಿ. ಓದಿದ ಮೇಲೆ ಇಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿಯ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆ ದಿನಗಳನ್ನು ಅವರು ನಿಮಗಿಂತ ಚೆನ್ನಾಗಿ ಎಣಿಸುತ್ತಿರುತ್ತಾರೆ.

ಇಷ್ಟನ್ನು ನಾನು ಬೇರೆ ಯಾರಿಗೂ ಬರೆಯಲಾರೆ, ಏಕೆಂದರೆ ಸಾಲದ ಕಾಗದಕ್ಕೆ ಸಹಿ ಹಾಕಿದವರು ನೀವು. "ಆಗದಿದ್ದರೆ ವಾಪಸ್ ಬಾ, ಸಾಲ ನಾವಿದ್ದು ನೋಡ್ಕೋತೀವಿ" ಎಂಬ ಮಾತಿಗೆ ನಿಮ್ಮ ಬಾಯಲ್ಲಿ ಮಾತ್ರ ಬೆಲೆ. ಈ ಭಾನುವಾರವೇ ಹೇಳಿ. ಹೇಳಿ ಫೋನ್ ಇಡಬೇಡಿ, ಅವರು ಮಾತಾಡುವವರೆಗೆ ಕಾಯಿರಿ.

ನಿಮ್ಮವಳು,
ಇಲ್ಲಿ ಓದಿ ಇಲ್ಲೇ ಉಳಿದ ಒಬ್ಬಳು