ತುಕ್ಕು ಮೀಮಾಂಸೆ: ಒಂದು ಪ್ರಾಸ್ತಾವಿಕ ಅಧ್ಯಯನ

ಪ್ರಸ್ತುತ ಪ್ರಬಂಧವು ಅಮೆರಿಕದ ಆಟಿಕೆ ರೈಲುಗಳ (ಕ್ಷಮಿಸಿ, ‘ಪ್ರಮಾಣಬದ್ಧ ಪ್ರತಿರೂಪ’ಗಳ, ಆಟಿಕೆ ಎಂದವರನ್ನು ಈ ವಿದ್ವದ್ವಲಯ ಬಾಗಿಲಲ್ಲೇ ತಡೆಯುತ್ತದೆ) ಮೈಮೇಲಿನ ಕೊಳೆಯನ್ನು ಕುರಿತದ್ದು. ಅಂಗಡಿಯಿಂದ ತಂದ ಹೊಚ್ಚಹೊಸ ಗೂಡ್ಸ್ ಡಬ್ಬಿಗೆ ತುಕ್ಕು, ಧೂಳು, ಮಸಿ ಬಳಿದು ಹಳತು ಮಾಡುವ ವಿದ್ಯೆಗೆ ಅಲ್ಲಿ ವೆದರಿಂಗ್ ಎನ್ನುತ್ತಾರೆ. ಅಧ್ಯಯನವು ಇದನ್ನು ‘ಕೃತಕ ಜೀರ್ಣತಾ ಪ್ರಕ್ರಿಯೆ’ ಎಂದು ಪರಿಭಾವಿಸುತ್ತದೆ. ಪರಿಭಾವಿಸದೆ ಯಾವ ಪ್ರಬಂಧವೂ ಎರಡನೆಯ ಪುಟ ಕಂಡಿಲ್ಲ.

ಕ್ಷೇತ್ರವ್ಯಾಪ್ತಿ: ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ, 40 ಅಡಿಯ ಬಾಕ್ಸ್‌ಕಾರು (ಮುಚ್ಚಿದ ಗೂಡ್ಸ್ ಡಬ್ಬಿ) 14 ಸೆಂಟಿಮೀಟರಿಗೆ ಇಳಿಯುತ್ತದೆ. ಹವ್ಯಾಸಿ ಕ್ಲಬ್ಬುಗಳ ಹಿರಿಯರ ಗಾಂಭೀರ್ಯ ಮಾತ್ರ ಪೂರ್ಣ ಗಾತ್ರದಲ್ಲೇ ಉಳಿಯುತ್ತದೆ.

ಹದಿಹರೆಯದ ಹವ್ಯಾಸಿಯೊಬ್ಬ ತಾನು ಹಳತು ಮಾಡಿದ ಡಬ್ಬಿಯನ್ನು ಕ್ಲಬ್ಬಿನ ಮೇಜಿನ ಮೇಲಿಟ್ಟಾಗ ಈ ಹಿರಿಯರಲ್ಲಿ ಏಳು ವರ್ಗಗಳು ಗೋಚರಿಸುತ್ತವೆ. ಒಂದು, ಪಿತೃಮೂಲವಾದಿಗಳು: “ನಿಮ್ಮಪ್ಪ ಮಾಡಿಕೊಟ್ಟರೇನಪ್ಪ?” (ತಂದವಳು ಹುಡುಗಿಯಾದರೆ, “ನಿನ್ನ ತಮ್ಮಂದಾ?” ಎಂಬ ಉಪವರ್ಗವುಂಟು.) ಎರಡು, ಮುಂದೂಡಿಕಾವಾದಿಗಳು: “ಪರವಾಗಿಲ್ಲ, ದೊಡ್ಡವನಾದ ಮೇಲೆ ಕೈ ಕೂಡುತ್ತೆ.” ಮೂರು, ಮಾರ್ಜನವಾದಿಗಳು: ಚಾವಣಿಯ ಮೇಲಿನ ಚಾಕ್ ಪುಡಿಯನ್ನು ನಿಜವಾದ ಧೂಳೆಂದು ತಿಳಿದು ಹೆಬ್ಬೆರಳಲ್ಲಿ ಒರೆಸಿಬಿಡುವವರು. ನಾಲ್ಕು...

ಉಳಿದ ವರ್ಗಗಳು ಬೇಡ. ಒರೆಸಿಹೋದದ್ದು ಒಬ್ಬ ಹುಡುಗನ ಎಷ್ಟೋ ಸಂಜೆಗಳ ಕೆಲಸ.

ಆ ಸಂಜೆಗಳಲ್ಲಿ ಅವನು ಮಾಡಿದ್ದೇನು? ಐಸೊಪ್ರೊಪೈಲ್ ಆಲ್ಕೋಹಾಲಿಗೆ ನಾಲ್ಕು ತೊಟ್ಟು ಇಂಡಿಯಾ ಇಂಕು ಬೆರೆಸಿ, ಹಲಗೆಗಳ ಸಂದಿಗೆ ಹರಿಯಬಿಟ್ಟ. ಪ್ಯಾಸ್ಟೆಲ್ ಚಾಕನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿದ. ಬರ್ನ್ಟ್ ಅಂಬರ್ ತೈಲವರ್ಣದ ಚುಕ್ಕಿಯಿಟ್ಟು, ಒದ್ದೆ ಕುಂಚದಿಂದ ಮಳೆನೀರು ಇಳಿಯುವ ದಿಕ್ಕಿಗೇ ಎಳೆದ. ತುಕ್ಕು ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಚಕ್ರ ಎರಚಿದ ಕೆಸರು ಕೆಳಗಿನಿಂದ ಮೇಲಕ್ಕೆ ಹಾರುತ್ತದೆ ಎಂಬುದು ಹಳಿಯ ಪಕ್ಕ ನಿಂತು ನೋಡಿದವರಿಗಷ್ಟೇ ಗೊತ್ತು. ಹಳೆಯ ಬೇರಿಂಗುಗಳು ಎಣ್ಣೆ ಸೋರುತ್ತಿದ್ದುದರಿಂದ ಆ ಕಾಲದ ಚಕ್ರಗಳಿಗೆ ಕರಿಜಿಡ್ಡು. ರೋಲರ್ ಬೇರಿಂಗ್ ಬಂದ ಮೇಲೆ ಬರೀ ತುಕ್ಕಿನ ಕಂದು. ಹದಿನೈದರ ಹುಡುಗ ಈ ವ್ಯತ್ಯಾಸವನ್ನು 14 ಸೆಂಟಿಮೀಟರಿನ ಡಬ್ಬಿಯ ಕೆಳಗೆ ಬರೆದಿದ್ದಾನೆ. ಇದು ವಿದ್ವತ್ತಲ್ಲದಿದ್ದರೆ ಯಾವುದು ವಿದ್ವತ್ತು, ಸ್ವಾಮಿ?

1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಇಂಥ ಡಬ್ಬಿಗಳನ್ನು 125 ಅಂಕಗಳಿಗೆ ತೂಗುತ್ತದೆ: ಕಟ್ಟುವಿಕೆಗೆ 40, ಸೂಕ್ಷ್ಮ ವಿವರಕ್ಕೆ 20, ಅಸಲಿಗೆ ಹೊಂದುವುದಕ್ಕೆ 25, ಬಣ್ಣ-ಬರಹಕ್ಕೆ 25, ಬಿಡಿಭಾಗಗಳನ್ನೂ ಕೈಯಾರೆ ಮಾಡಿದ್ದಕ್ಕೆ 15. ಮಾಡಿದವರ ವಯಸ್ಸಿಗೆ ಒಂದಂಕವೂ ಇಲ್ಲ. ಕ್ಲಬ್ಬಿನ ಮೇಜಿನಲ್ಲಿ ಮಾತ್ರ ಮೊದಲ ಪ್ರಶ್ನೆಯೇ ಅದು. ಡಬ್ಬಿಗೆ ನಲವತ್ತು ವರ್ಷ ಹಚ್ಚಿದವನು ತನ್ನ ಮುಖಕ್ಕೂ ಒಂದಿಷ್ಟು ಬಳಿದುಕೊಂಡು ಬರಬೇಕಿತ್ತೇನೋ.

ಈ ಹವ್ಯಾಸಕ್ಕೆ ಎಳೆಯ ಕೈಗಳು ಹೊಸದೇನಲ್ಲ. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲು ಕ್ಲಬ್ಬಿನಲ್ಲಿ, ಮೇಜಿನಡಿ ತೂರಿ ಟೆಲಿಫೋನ್ ರಿಲೇಗಳನ್ನು ಜೋಡಿಸುತ್ತಿದ್ದವರು ಆಗಿನ್ನೂ ಮೀಸೆ ಮೂಡುತ್ತಿದ್ದ ವಿದ್ಯಾರ್ಥಿಗಳು. ‘ಹ್ಯಾಕ್’ ಎಂಬ ಮಾತು ಇವತ್ತಿನ ಅರ್ಥದತ್ತ ಹೊರಳಿದ್ದು ಅವರ ಬಾಯಲ್ಲಿ. ಇದನ್ನು ಹೆಮ್ಮೆಯಿಂದ ಹೇಳುವ ಹಿರಿಯರೇ ಮರುಕ್ಷಣ “ಈಗಿನ ಮಕ್ಕಳು ಈ ಕಡೆ ಬರೋದೇ ಇಲ್ಲ, ಬರೀ ಮೊಬೈಲು” ಎಂದು ನಿಟ್ಟುಸಿರಿಡುತ್ತಾರೆ.

ಬಂದವನು ಅಲ್ಲೇ ನಿಂತಿದ್ದಾನೆ. ಡಬ್ಬಿಯನ್ನು ಮಗುಚಿ ಚಕ್ರ ತೋರಿಸುತ್ತಿದ್ದಾನೆ: ಮುಖವೆಲ್ಲ ತುಕ್ಕು, ಹಳಿ ತಾಗುವ ಪಟ್ಟಿಯಷ್ಟೇ ಬೆಳ್ಳಗೆ ಹೊಳೆಯುತ್ತಿದೆ. ಅಷ್ಟರಲ್ಲಿ ಯಾರೋ ಕಾಫಿಗೆ ಕರೆದರು.