ತಟ್ಟೆ ಮಗುಚುವ ಷಡ್ಡಕರು

ಪಿಂಗಾಣಿ ತಟ್ಟೆ ಕಂಡರೆ ಅದರ ಬೆನ್ನು ನೋಡದೆ ಬಿಡದವರದು ಒಂದು ಜಾತಿ. ನಮ್ಮ ಷಡ್ಡಕರು ಆ ಜಾತಿಯ ಯಜಮಾನರು. ಕರೆಂಟ್ ಆಫೀಸಿನಲ್ಲಿದ್ದಷ್ಟು ಕಾಲ ಕಂಬದ ತುದಿಯ ಪಿಂಗಾಣಿಯನ್ನು ಕತ್ತೆತ್ತಿ ನೋಡಿದವರು, ರಿಟೈರ್ ಆದ ಮೇಲೆ ಕತ್ತು ಬಗ್ಗಿಸಿ ತಟ್ಟೆಯ ತಳ ನೋಡತೊಡಗಿದರು. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಬೆರಳಿನ ಗೆಣ್ಣಿನಿಂದ ಅಂಚನ್ನು ತಟ್ಟುತ್ತಾರೆ. ಟಣ್ ಎಂದರೆ ತಲೆದೂಗುತ್ತಾರೆ, ಟಪ್ ಎಂದರೆ ಎಲ್ಲೋ ಬಿರುಕಿದೆ ಎಂದು ಮನೆಯೊಡತಿಯ ಮುಖ ನೋಡುತ್ತಾರೆ. ಬೆಳಕಿಗೆ ಹಿಡಿದಾಗ ಆಚೆಯ ಬೆರಳಿನ ನೆರಳು ಕಂಡರೆ ಅಸಲಿ ಮಾಲು, ಕಾಣದಿದ್ದರೆ ಬರೀ ಮಣ್ಣು. ಮಡಿವಂತ ಸೋದರತ್ತೆಯೊಬ್ಬರಿಗೆ "ಬೋನ್ ಚೈನಾ ಅಂದ್ರೆ ಅರ್ಧಕ್ಕರ್ಧ ಮೂಳೆ ಬೂದಿ, ಅತ್ತೆ" ಎಂದು ವಿವರಿಸಿ, ಅವರ ಮನೆಯ ಕಪ್ಪು ಬಸಿಗಳೆಲ್ಲ ಅವತ್ತೇ ಪಕ್ಕದ ಮನೆ ಸೇರುವಂತೆ ಮಾಡಿದರು.

ಇದನ್ನೆಲ್ಲ ಸಹಿಸಬಹುದು. ಅಣ್ಣನ ಮಗಳ ಸಂಬಂಧ ಮಾತಾಡಲು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದದ್ದನ್ನು ಮಾತ್ರ ಸಾಯುವ ತನಕ ಮರೆಯಲಾರೆ. ಗಂಡಿನ ಮನೆಯವರು ಶೋಕೇಸಿನಿಂದ ನೀಲಿ ಚಿತ್ರದ ತಟ್ಟೆಗಳನ್ನು ಇಳಿಸಿ ಕೇಸರಿಬಾತು, ಉಪ್ಪಿಟ್ಟು ಕೊಟ್ಟರು. "ನಮ್ಮ ತಾತನ ಕಾಲದ್ದು. 1925ರಲ್ಲಿ ಅರಮನೆಯಿಂದ ಬಂದ ಇಂಗ್ಲೆಂಡ್ ಮಾಲು" ಎಂದರು ಹುಡುಗನ ತಂದೆ. ನಾನು ಷಡ್ಡಕರ ಪಂಚೆ ಎಳೆದೆ. ಅಷ್ಟರಲ್ಲಿ ಅವರು ಉಪ್ಪಿಟ್ಟಿನ ಸಮೇತ ತಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಕೆಳಗಿನಿಂದ ಓದುತ್ತಿದ್ದರು. ಗೋಡಂಬಿಯೊಂದು ಕನ್ನಡಕದ ಮೇಲೆ ಬಿತ್ತು.

"ಮೇಡ್ ಇನ್ ಆಕ್ಯುಪೈಡ್ ಜಪಾನ್!"

ಯುದ್ಧ ಸೋತ ಜಪಾನು ಪರರ ಹಿಡಿತದಲ್ಲಿದ್ದದ್ದು 1945ರಿಂದ 1952ರವರೆಗೆ; 1925ಕ್ಕೆ ಈ ಮುದ್ರೆ ಹುಟ್ಟಿಯೇ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಹೊರದೇಶದ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು 1890ರಲ್ಲಿ ಅಮೆರಿಕ ಕಾನೂನು ಮಾಡಿದ್ದು, ಅದಕ್ಕಾಗಿ ಜಪಾನಿನವರು 1921ರ ತನಕ 'ನಿಪ್ಪಾನ್' ಎಂದೂ ಆಮೇಲೆ 'ಜಪಾನ್' ಎಂದೂ ಒತ್ತಿದ್ದು, ಜರ್ಮನಿಯ ಮೈಸನ್ ಕಾರ್ಖಾನೆಯ ಜೋಡಿ ಕತ್ತಿಯ ಗುರುತನ್ನು ಕಂಡಕಂಡವರೆಲ್ಲ ಕದ್ದದ್ದು ಎಲ್ಲವೂ ಬಂತು. ತಟ್ಟೆಯ ಮೇಲಿನ ಸೇತುವೆ, ಜೋಡಿ ಹಕ್ಕಿಗಳನ್ನೂ ಬಿಡಲಿಲ್ಲ: ಚೀನಾದ ಹಾಗೆ ಕಾಣಲೆಂದು ಇಂಗ್ಲಿಷರು ಬರೆದದ್ದು, ಅದನ್ನು ನೋಡಿ ಜಪಾನಿನವರು ಬರೆದದ್ದು. ಕಾಫಿ ಆರಿತು. ಹುಡುಗ ನೆಲ ನೋಡುತ್ತಿದ್ದ.

ಕೊನೆಗೆ ಮೂಲೆಯಲ್ಲಿದ್ದ ಅಜ್ಜಿ ಬಾಯಿಬಿಟ್ಟರು. "ಅರಮನೆಯೂ ಇಲ್ಲ, ಗುರುಮನೆಯೂ ಇಲ್ಲ. ಹಳೇ ಜರಿ ಸೀರೆ ಕೊಟ್ಟು ಪಾತ್ರೆಯವನ ಹತ್ರ ತಗೊಂಡಿದ್ದು. ಮಕ್ಕಳು ಒಡೆದುಹಾಕ್ತಾರೇಂತ ಅರಮನೇದು ಅಂತ ಹೆದರಿಸಿದ್ದೆ." ಹುಡುಗನ ತಂದೆ ಬೆವರೊರೆಸಿಕೊಂಡರು, ಉಳಿದವರೆಲ್ಲ ನಕ್ಕರು, ಸಂಬಂಧ ಕೂಡಿತು. ಅದರ ಕೀರ್ತಿ ತಮ್ಮದೇ ಎಂದು ಷಡ್ಡಕರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ನಮ್ಮ ಮನೆಯ ಸ್ಟೀಲ್ ಪಾತ್ರೆಗಳನ್ನೂ ಅವರು ಮಗುಚುತ್ತಾರೆ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ತಾರೀಖು ಎಂದು ಚುಕ್ಕಿಚುಕ್ಕಿಯಾಗಿ ಕೊರೆಸಿದ ಅಕ್ಷರಗಳು ಸವೆದು ಹೋಗಿವೆ. ಕೊಟ್ಟವರಲ್ಲಿ ಬಹಳ ಜನ ಈಗಿಲ್ಲ. ಅವುಗಳನ್ನು ಗಟ್ಟಿಯಾಗಿ ಓದುವವರು ಇವರೊಬ್ಬರೇ. "ನೋಡಮ್ಮ, ಚಿಕ್ಕಮ್ಮ ಕೊಟ್ಟಿದ್ದು" ಎಂದರೆ ನನ್ನ ಹೆಂಡತಿ ಸೌಟು ಹಿಡಿದೇ ಕೂತುಬಿಡುತ್ತಾಳೆ. ಇಬ್ಬರೂ ಆ ಚಿಕ್ಕಮ್ಮನ ಕೈಯಡುಗೆ, ಕೋಪ, ಕೊನೆಯ ದಿನಗಳನ್ನೆಲ್ಲ ಆಡಿ ಮುಗಿಸುವ ತನಕ ನನ್ನ ತಟ್ಟೆ ಖಾಲಿ.

ಅವರು ನಿಮ್ಮ ಮನೆಗೂ ಬಂದಾರು. ಬಾಳೆ ಎಲೆ ಹಾಕಿ, ಮೊದಲು ಸಾರು ಬಡಿಸಿಬಿಡಿ.