ಮನೆಯೇ ಶಾಲೆ, ಅತ್ತೆಯೇ ಹೆಡ್‌ಮೇಡಂ

ಮಗುವನ್ನು ಶಾಲೆಗೆ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡುವುದು ಸುಲಭ. ಮನೆಯಲ್ಲಿಟ್ಟುಕೊಂಡ ಮಗುವಿನ ಕೈಗೆ ಯಾವ ಪುಸ್ತಕ ಕೊಡುವುದು ಅನ್ನುವಾಗ ಬೆಂಗಳೂರಿನ ಅಪ್ಪ ಅಮ್ಮಂದಿರ ನಿದ್ದೆ ಕೆಡುತ್ತದೆ. ನನ್ನ ಅಕ್ಕನ ಮಗಳದ್ದಂತೂ ಪೂರ್ತಿ ಕೆಟ್ಟಿದೆ. "ಚಿಕ್ಕಮ್ಮಾ, ನಮಗೆ ಅಪ್ಪಟ ಸೆಕ್ಯುಲರ್ ಸಿಲಬಸ್ ಬೇಕು, ಎಲ್ಲರೂ ಅದರಲ್ಲಿ ಇರಬೇಕು" ಅನ್ನುತ್ತಾಳೆ. ಅವಳು ಹೀಗೆ ಹೇಳುವ ಹೊತ್ತಿಗೆ ಸರಿಯಾಗಿ ಒಳಮನೆಯಿಂದ ಅವಳ ಅತ್ತೆಯ ವಿಷ್ಣುಸಹಸ್ರನಾಮ ಶುರುವಾಗುತ್ತದೆ. ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅನ್ನುತ್ತದೆ ಸಂವಿಧಾನದ 28ನೇ ವಿಧಿ. ಮನೆಯಲ್ಲಿ ನಡೆಯುವುದು ಅತ್ತೆಯ ವಿಧಿ.

ಕಾನೂನನ್ನು ಕೇಳಿದರೆ ಅದೂ ಜಾಣಮೌನ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರ ಬಗ್ಗೆ ಬೇಕಾದಷ್ಟು ಮಾತಾಡುತ್ತದೆ. ಮನೆಪಾಠವನ್ನು ಹೆಸರೆತ್ತಿ ಬೇಡ ಅನ್ನುವುದಿಲ್ಲ, ಆಯ್ತು ಅಂತಲೂ ಅನ್ನುವುದಿಲ್ಲ. 14 ತುಂಬಿದ ಮೇಲೆ ಮುಕ್ತ ಶಾಲೆಯಾದ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕೂರಬಹುದು. ಅಲ್ಲಿಯವರೆಗೆ ಪಠ್ಯಪುಸ್ತಕ ಸಮಿತಿ, ಬಿಇಒ, ಬಿಸಿಯೂಟ ಎಲ್ಲ ಇಲಾಖೆಗಳೂ ಅಮ್ಮನ ತಲೆಯ ಮೇಲೆಯೇ.

ಈ ಸಮಿತಿ ಮೊದಲು ಹೋಗುವುದು ಅಮೆರಿಕದ ಅಂಗಡಿಗೆ. ಪೆಟ್ಟಿಗೆ ಬಿಚ್ಚಿದರೆ ಕಣ್ಣಿಗೆ ಹಬ್ಬ: ಜಲವರ್ಣದ ಅಣಬೆಗಳು, ನಮ್ಮ ಸೀಬೆಮರ ಕಂಡೇ ಇಲ್ಲದ ಅಳಿಲುಗಳು. ಆದರೆ ಅಲ್ಲಿನ ಮನೆಪಾಠದ ಮಾರುಕಟ್ಟೆಯನ್ನು ಬೆಳೆಸಿದ್ದರಲ್ಲಿ ಸಂಪ್ರದಾಯಸ್ಥ ಕ್ರೈಸ್ತ ಕುಟುಂಬಗಳ ಪಾಲು ದೊಡ್ಡದು. ಫ್ಲಾರಿಡಾದ ಅಬೆಕಾ, ಬಾಬ್ ಜೋನ್ಸ್ ಯೂನಿವರ್ಸಿಟಿ ಪ್ರೆಸ್ ತಾವು ಕ್ರೈಸ್ತ ಪ್ರಕಾಶಕರೆಂದು ನೇರವಾಗಿಯೇ ಹೇಳಿಕೊಳ್ಳುತ್ತವೆ. ಅಪಾಲಜಿಯಾದ ಜೀವಶಾಸ್ತ್ರ ಪುಸ್ತಕದ ಹೆಸರಲ್ಲೇ 'ಕ್ರಿಯೇಷನ್' ಇದೆ. ಅವರದ್ದು ಮೋಸವಲ್ಲ, ಬೋರ್ಡು ಓದದೆ ಒಳಗೆ ನುಗ್ಗುವವರು ನಮ್ಮವರು. ಶಾಲೆಯ ಬೆಳಗಿನ ಪ್ರಾರ್ಥನೆ ಸರಿಬರಲಿಲ್ಲವೆಂದು ಮಗುವನ್ನು ಬಿಡಿಸಿಕೊಂಡು ಬಂದು, ಡಾಲರ್ ತೆತ್ತು ಬೈಬಲಿನ ಆರು ದಿನಗಳ ಸೃಷ್ಟಿಯನ್ನು ಮನೆಬಾಗಿಲಿಗೆ ತರಿಸಿಕೊಳ್ಳುವ ಭಾಗ್ಯ!

ಇನ್ನೂ ಕಷ್ಟದ್ದು 'ನ್ಯೂಟ್ರಲ್' ಅನ್ನುವ ಲೇಬಲ್. ಇಂಥ ಪುಸ್ತಕ ವಿಕಾಸವಾದ ತಪ್ಪು ಅನ್ನುವುದಿಲ್ಲ, ಸರಿ ಅಂತಲೂ ಹೇಳುವುದಿಲ್ಲ, ಆ ಸುದ್ದಿಯನ್ನೇ ಎತ್ತುವುದಿಲ್ಲ. ಡೈನೋಸಾರ್ ಇರುತ್ತದೆ, ಅದರ ಕಾಲ ಮಾತ್ರ ಇರುವುದಿಲ್ಲ, ಮದುವೆ ದಲ್ಲಾಳಿ ಗಂಡಿನ ವಯಸ್ಸು ನುಂಗಿದ ಹಾಗೆ.

ಅಮೆರಿಕದವರನ್ನು ನೋಡಿ ನಗುವವರು ಸ್ವಲ್ಪ ತಡೆಯಿರಿ. 2023ರಲ್ಲಿ ನಮ್ಮ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನದಿಂದಲೇ ವಿಕಾಸವಾದ ಹೊರನಡೆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಅದನ್ನು ತೆಗೆಯಬೇಡಿ ಎಂಬ ಪತ್ರಕ್ಕೆ ಸಹಿ ಹಾಕಿದರು. ಡಾರ್ವಿನ್ ಈಗ ಸಿಗುವುದು ಹನ್ನೆರಡನೆಯ ತರಗತಿಯ ಬಯಾಲಜಿಯಲ್ಲಿ. ಕಾಮರ್ಸ್ ಹಿಡಿದವರ ಪಾಲಿಗೆ ಆ ಮನುಷ್ಯ ಹುಟ್ಟೇ ಇಲ್ಲ.

ಸರಿ, ಕನ್ನಡಕ್ಕೆ ಬನ್ನಿ. ಗಾಂಧಿಬಜಾರಿನಿಂದ ಅಕ್ಷರಮಾಲೆಯ ಚಾರ್ಟ್ ತಂದು ಗೋಡೆಗೆ ಅಂಟಿಸುವ ಮೊದಲೇ ನಮ್ಮ ಹುಡುಗಿ ಕತ್ತರಿ ಹಿಡಿದಳು. ಈಶ ಬೇಡ, ಯಜ್ಞ ಬೇಡ, ಋಷಿ ಬೇಡ. "ಋಷಿಯನ್ನು ಕಳಿಸಿದರೆ ಉಳಿಯುವುದು ಋಣ ಕಣೇ, ಮೂರು ವರ್ಷದ ಕೂಸಿಗೆ ಸಾಲದ ಪಾಠ ಈಗಲೇ ಯಾಕೆ?" ಅಂದೆ. ಋಷಿ ಉಳಿದ. ಆದರೆ ಅಗಸನನ್ನು ನನ್ನಿಂದಲೂ ಉಳಿಸಲಾಗಲಿಲ್ಲ. ಜಾತಿಕಸುಬನ್ನು ಮೊದಲ ಅಕ್ಷರದಲ್ಲೇ ಕಲಿಸಬಾರದೆಂದು ಎಷ್ಟೋ ಚಾರ್ಟುಗಳವರು ಅಗಸನನ್ನು ತೆಗೆದು ಅರಸನನ್ನು ಕೂರಿಸಿದ್ದಾರೆ. ಬಟ್ಟೆ ಒಗೆಯುವವನನ್ನು ಎಬ್ಬಿಸಿ ಕಿರೀಟದವನಿಗೆ ಜಾಗ ಕೊಡುವುದು ಎಲ್ಲರನ್ನೂ ಒಳಗೊಳ್ಳುವುದು ಹೇಗಾಯಿತೋ ನನಗಂತೂ ತಿಳಿಯದು. ಅಗಸ ಅಲ್ಲಿದ್ದದ್ದು ತಪ್ಪಲ್ಲ. ಕತ್ತೆಯ ಜೊತೆ ಬರಿದೇ ನಿಂತಿದ್ದ, ಅವನಿಗೊಂದು ವಿದ್ಯೆಯಿದೆ ಅಂತ ಚಾರ್ಟ್ ಹೇಳಲಿಲ್ಲ, ಅದು ತಪ್ಪು. ಚೌಳುಮಣ್ಣಿನಲ್ಲಿ ಕೊಳೆ ತೆಗೆಯುವುದು ರಸಾಯನಶಾಸ್ತ್ರವಲ್ಲದೆ ಮತ್ತೇನು? ಕಂಚ ಐಲಯ್ಯನವರು ಮಕ್ಕಳಿಗೆಂದೇ ಬರೆದ 'ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್' ಕುಂಬಾರ, ಅಗಸ, ಕ್ಷೌರಿಕ, ಚರ್ಮ ಹದಮಾಡುವವರ ಜಾಣ್ಮೆಯ ಪುಸ್ತಕ. ದುರ್ಗಾಬಾಯಿ ವ್ಯಾಮ್ ಚಿತ್ರ ಬರೆದಿದ್ದಾರೆ. ಚಾರ್ಟ್ ಕತ್ತರಿಸುವ ಬದಲು ಪಕ್ಕದಲ್ಲಿ ಅದನ್ನಿಟ್ಟುಕೊಂಡರೆ ಸಾಕು.

ಮಕ್ಕಳ ಕನ್ನಡ ಪುಸ್ತಕಗಳ ಪುಟಗಳನ್ನೂ ಗಮನಿಸಿ. ಅಪ್ಪನ ಕೈಯಲ್ಲಿ ಪೇಪರು, ಅಮ್ಮನ ಕೈಯಲ್ಲಿ ಸೌಟು. ಊಟ ಅಂದರೆ ಬಾಳೆಲೆ, ಅನ್ನ, ಸಾರು. ಮೊಟ್ಟೆಯಾಗಲಿ ಬಂಗುಡೆಯಾಗಲಿ ಎಲೆಯ ಹತ್ತಿರ ಸುಳಿಯುವುದಿಲ್ಲ. ನಮ್ಮ ಹಬ್ಬಗಳಿಗೆ ರಂಗೋಲಿಯ ಸಮೇತ ನಾಲ್ಕು ಪುಟ. ರಂಜಾನ್ ಮತ್ತು ಕ್ರಿಸ್‌ಮಸ್ ಅರ್ಧ ಪುಟದಲ್ಲಿ ಬಾಡಿಗೆ ಹಂಚಿಕೊಂಡಿವೆ.

ಒಳ್ಳೆಯದು ಇಲ್ಲವೆಂದಲ್ಲ. ದೇಶ ಒಡೆದಾಗ ಅಗಲಿದ ಇಬ್ಬರು ಗೆಳೆಯರ 'ಮುಕಂದ್ ಅಂಡ್ ರಿಯಾಜ್' ಚೆನ್ನೈನ ತೂಲಿಕಾದ್ದು. ಪ್ರಥಮ್ ಬುಕ್ಸ್ 2015ರಲ್ಲಿ ಬೆಂಗಳೂರಿನಿಂದಲೇ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ. ಬೇಕಾದರೆ ನೀವೇ ಅನುವಾದಿಸಿ ಹಾಕಬಹುದು. ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಮೂರು ಸಂಪುಟ ಬಂದದ್ದು 1936ರಲ್ಲಿ. ಮಾಹಿತಿ ಹಳತಾಯಿತು, ಮಗುವಿನ ಮೇಲಿನ ಮರ್ಯಾದೆ ಹಳತಾಗಿಲ್ಲ.

ಅತ್ತೆಯ ಸಹಸ್ರನಾಮದ ತಂಟೆಗೆ ಹೋಗಬೇಡಿ. ಅದು ಅವರ ಪೂಜೆ, ಸಿಲಬಸ್ ಅಲ್ಲ. ಹೊಸ ಪುಸ್ತಕಕ್ಕೆ ದುಡ್ಡು ಕಟ್ಟುವ ಮೊದಲು ಭೂಮಿಯ ವಯಸ್ಸು ಇರುವ ಪುಟ ತೆರೆದು ನೋಡಿ. ಸುಮಾರು 450 ಕೋಟಿ ವರ್ಷ ಅಂತಿದ್ದರೆ ಮುಂದಿನ ಪುಟಕ್ಕೆ ಹೋಗಿ. ಆರು ಸಾವಿರ ಅಂತಿದ್ದರೆ, ವಾಪಸ್ ಕಳಿಸುವ ಖರ್ಚು ಯಾರದ್ದೆಂದು ಕೇಳಿಕೊಳ್ಳಿ.